333 ಮತದಾರರು, 420 ಮತಪತ್ರಗಳು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯ ಪರವಾಗಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರೇ ಫೋನ್ ಮಾಡಿದ್ದರು. ಶಾಲೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಜನ ಇರುತ್ತಾರೆ, ನಾನು ಬೇರೆ ಏನಾದರೂ ಬರೆಯಲೇ ಸಾರ್ ಎಂದು ಕೇಳಿದೆ. "ಇತಿಹಾಸದ ಮೇಲೆ ಬರಿಯಪ್ಪ. ಅರ್ಧವಾರ್ಷಿಕದಲ್ಲಿ ನೀನು ನೂರಕ್ಕೆ ಮೂವತ್ತೆಂಟು ತಗೊಂಡಿದ್ದು ನನಗಿನ್ನೂ ನೆನಪಿದೆ, ಬಾಕಿ ಅಂಕ ಈಗ ಕೊಡ್ತೀನಿ" ಎಂದರು. ಆ ಬಾಕಿ ವಸೂಲಿಗಾಗಿ ಈ ಲೇಖನ.

ನಾನು ಎಂಟನೇ ತರಗತಿಯಲ್ಲಿದ್ದಾಗ, 1999ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ಬಂತು. ನಮ್ಮ ಬೆಂಚುಗಳನ್ನೆಲ್ಲ ಜಗಲಿಗೆ ಸಾಗಿಸಿ ಕೊಠಡಿಯನ್ನು ಮತಗಟ್ಟೆ ಮಾಡಿದ್ದರು. ನಮಗೆ ರಜೆ, ಮೇಷ್ಟ್ರಿಗೆ ಬೇರೆ ಊರಿನಲ್ಲಿ ಎಲೆಕ್ಷನ್ ಡ್ಯೂಟಿ. ಎರಡು ದಿನ ಬಿಟ್ಟು ತರಗತಿಗೆ ಬಂದವರು ನಿದ್ದೆಗಣ್ಣಿನಲ್ಲೇ ಕಥೆ ಹೇಳಿದರು. ಸಂಜೆ ಲೆಕ್ಕ ಹಾಕಿದಾಗ ಒಂದೇ ಒಂದು ಮತಪತ್ರ ತಾಳೆ ಬರಲಿಲ್ಲವಂತೆ. ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿದ್ದರೂ ಇವರು ಮೂರು ಸಲ ಎಣಿಸಿ, ಕೊನೆಗೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದನ್ನು ಕಂಡುಹಿಡಿದು ಹೊರಟಾಗ ರಾತ್ರಿ ಹನ್ನೊಂದಾಗಿತ್ತಂತೆ. ಒಂದು ಚೀಟಿಗೆ ಇಷ್ಟು ರಂಪವೇ ಎಂದು ನಾವು ಹಿಂದಿನ ಬೆಂಚಿನವರು ನಕ್ಕಿದ್ದೆವು.

ಆ ನಗು ನನಗೆ ಮತ್ತೆ ನೆನಪಾದದ್ದು ಅಮೆರಿಕದ ಒಂದು ಹಳ್ಳಿಯಲ್ಲಿ. 2017ರಲ್ಲಿ ಕಂಪನಿ ಕೆಲಸದ ಮೇಲೆ ಜಾರ್ಜಿಯಾ ರಾಜ್ಯದ ರಾಜಧಾನಿ ಅಟ್ಲಾಂಟಾದಲ್ಲಿದ್ದಾಗ, ಒಂದು ಶನಿವಾರ ಮೂರು ಗಂಟೆ ಕಾರು ಓಡಿಸಿಕೊಂಡು ಪ್ಲೇನ್ಸ್ ಎಂಬ ಊರಿಗೆ ಹೋದೆ. ದಾರಿಯುದ್ದಕ್ಕೂ ಕೆಂಪು ಮಣ್ಣು. ಊರಿನ ಸುತ್ತ ಕಡಲೆಕಾಯಿ ಹೊಲ. ನಮ್ಮ ಕಡೆಯ ಹೊಲಗಳ ನಡುವೆ ಹೋದಂತೆಯೇ ಅನ್ನಿಸಿತು. ಅಮೆರಿಕದ 39ನೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಊರು ಅದು. ಅವರು ಓದಿದ ಪ್ಲೇನ್ಸ್ ಹೈಸ್ಕೂಲನ್ನೇ ವಸ್ತು ಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿ ಜೂಲಿಯಾ ಕೋಲ್ಮನ್ ಎಂಬ ಶಿಕ್ಷಕಿಯ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಹನ್ನೆರಡು ವರ್ಷದ ಹುಡುಗನ ಕೈಗೆ ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ' ಓದಲು ಕೊಟ್ಟ ಧೈರ್ಯವಂತೆ ಆಕೆ. ಹುಡುಗ ಅದನ್ನು ಕೌಬಾಯ್‌ಗಳ ಕಾಳಗದ ಕಥೆ ಎಂದುಕೊಂಡಿದ್ದನಂತೆ. ಮುಂದೆ ಕಾರ್ಟರ್ ಅಧ್ಯಕ್ಷ ಪದವಿಯ ಪ್ರಮಾಣ ವಚನದ ದಿನದ ಭಾಷಣದಲ್ಲೂ, ನೊಬೆಲ್ ಶಾಂತಿ ಪ್ರಶಸ್ತಿಯ ಭಾಷಣದಲ್ಲೂ ಈ ಟೀಚರನ್ನು ನೆನೆದರು. ಅದೇ ಶಾಲೆಯಲ್ಲಿ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಕಾರ್ಟರ್ ಓದುವಾಗ ಅದು ಬಿಳಿಯರ ಮಕ್ಕಳಿಗೆ ಮಾತ್ರ ಮೀಸಲಾದ ಶಾಲೆ. ಅವರು ಹೊಲದಲ್ಲಿ ಜೊತೆಗೆ ಆಡಿ ಬೆಳೆದ ಕಪ್ಪು ಹುಡುಗರು ಆ ಬಾಗಿಲು ದಾಟುವಂತಿರಲಿಲ್ಲ.

ಆಗ ಕಾರ್ಟರ್ ಇನ್ನೂ ಹಲವು ಭಾನುವಾರ ಊರಿನ ಚರ್ಚಿನಲ್ಲಿ ಪಾಠ ಹೇಳುತ್ತಿದ್ದರು. ನಾನು ಶನಿವಾರ ಹೋದ ಕಾರಣ ಅವರನ್ನು ನೋಡಲಿಲ್ಲ. ಯೋಜನೆ ಇಲ್ಲದೆ ಹೊರಡುವ ನನ್ನ ಸ್ವಭಾವಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಧ್ಯಕ್ಷರಾಗಿ ಕಾರ್ಟರ್ ಮಾಡಿದ ಕೆಲಸ ಎಲ್ಲರಿಗೂ ಗೊತ್ತು. ಅದಕ್ಕಿಂತ ನನ್ನನ್ನು ಹಿಡಿದದ್ದು ಅವರು ಎದುರಿಸಿದ ಮೊಟ್ಟಮೊದಲ ಚುನಾವಣೆ. ಅದನ್ನು ಹೇಳುವ ಮೊದಲು ಸ್ವಲ್ಪ ಹಿನ್ನೆಲೆ.

1924ರಲ್ಲಿ ಹುಟ್ಟಿದ ಕಾರ್ಟರ್ ನೌಕಾಪಡೆಯ ಅಕಾಡೆಮಿಯಲ್ಲಿ ಓದಿ ಜಲಾಂತರ್ಗಾಮಿಗಳಲ್ಲಿ ಅಧಿಕಾರಿಯಾಗಿದ್ದವರು, ಆಗಷ್ಟೇ ಶುರುವಾಗಿದ್ದ ಅಣುಶಕ್ತಿ ಜಲಾಂತರ್ಗಾಮಿ ಯೋಜನೆಗೆ ಆಯ್ಕೆಯಾದವರು. ಅಂದರೆ ನಮ್ಮವರೇ, ಎಂಜಿನಿಯರು. 1953ರಲ್ಲಿ ತಂದೆ ತೀರಿಕೊಂಡಾಗ ಕೆಲಸ ಬಿಟ್ಟು ಊರಿಗೆ ಬಂದು ಕಡಲೆಕಾಯಿ ವ್ಯವಹಾರ ಹಿಡಿದರು. ಮೊದಲ ವರ್ಷವೇ ಬರಗಾಲ. ಸಂಸಾರ ಸರಕಾರಿ ಬಾಡಿಗೆ ಮನೆಯಲ್ಲಿತ್ತು. ಕೆಲವು ವರ್ಷಗಳಲ್ಲಿ ಅವರು ಸಮ್ಟರ್ ಕೌಂಟಿಯ ಶಾಲಾ ಮಂಡಳಿಯ ಸದಸ್ಯರಾದರು, ನಂತರ ಅದರ ಅಧ್ಯಕ್ಷರೂ ಆದರು. ಕೌಂಟಿ ಎಂದರೆ ನಮ್ಮ ತಾಲ್ಲೂಕು ಎಂದುಕೊಳ್ಳಿ. ಬಿಳಿಯರ ಮಕ್ಕಳು ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದರೆ ಕಪ್ಪು ಮಕ್ಕಳು ನಡೆದುಕೊಂಡು ಹೋಗುತ್ತಿದ್ದುದು ಮಂಡಳಿಗೆ ಸೇರಿದ ಮೇಲೂ ಬಹಳ ಕಾಲ ತಮ್ಮ ಗಮನಕ್ಕೇ ಬರಲಿಲ್ಲವೆಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಇನ್ನೊಂದು ಕಡೆ, ವರ್ಣಭೇದ ಉಳಿಯಬೇಕೆನ್ನುವ ಬಿಳಿಯರ ಸಂಘವೊಂದು ಐದು ಡಾಲರ್ ಚಂದಾ ಕೊಟ್ಟು ಸದಸ್ಯನಾಗು ಎಂದು ಒತ್ತಾಯಿಸಿದಾಗ ಇವರು ಆಗುವುದಿಲ್ಲ ಎಂದರು. ಸ್ವಲ್ಪ ದಿನ ಗಿರಾಕಿಗಳು ಇವರ ಉಗ್ರಾಣದ ಕಡೆ ತಲೆ ಹಾಕಲಿಲ್ಲ. ಅವರಲ್ಲಿ ಈ ಎರಡೂ ಇತ್ತು.

ಇನ್ನು ಜಾರ್ಜಿಯಾದ ಮತದಾನದ ಪದ್ಧತಿ. ಇದನ್ನು ಮೊದಲ ಸಲ ಓದಿದಾಗ ಮುದ್ರಣದ ತಪ್ಪೇನೋ ಎಂದುಕೊಂಡೆ. ಆ ರಾಜ್ಯದಲ್ಲಿ 159 ಕೌಂಟಿಗಳು. ಗವರ್ನರ್ ಮುಂತಾದ ಹುದ್ದೆಗಳಿಗೆ ಪಕ್ಷದೊಳಗೆ ನಡೆಯುವ ಪ್ರಾಥಮಿಕ ಚುನಾವಣೆಯಲ್ಲಿ ಜನರ ಮತವನ್ನು ನೇರವಾಗಿ ಕೂಡುತ್ತಿರಲಿಲ್ಲ. ಒಂದು ಕೌಂಟಿಯಲ್ಲಿ ಯಾರು ಮುಂದಿರುತ್ತಾರೋ ಅವರಿಗೆ ಆ ಕೌಂಟಿಯ 'ಯೂನಿಟ್'ಗಳೆಲ್ಲ ಸೇರುತ್ತಿದ್ದವು. ದೊಡ್ಡ ಎಂಟು ಕೌಂಟಿಗಳಿಗೆ ತಲಾ 6 ಯೂನಿಟ್, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಅಟ್ಲಾಂಟಾ ನಗರವಿರುವ ಫುಲ್ಟನ್ ಕೌಂಟಿಯಲ್ಲಿ 1960ರ ಜನಗಣತಿಯಂತೆ 5,56,326 ಜನ, ಎಕಲ್ಸ್ ಎಂಬ ಪುಟ್ಟ ಕೌಂಟಿಯಲ್ಲಿ 1,876 ಜನ. ಮೊದಲನೆಯದಕ್ಕೆ 6, ಎರಡನೆಯದಕ್ಕೆ 2. ಲೆಕ್ಕ ಹಾಕಿದರೆ ಎಕಲ್ಸ್‌ನ ಒಬ್ಬನ ಮಾತು ಫುಲ್ಟನ್‌ನ ಸುಮಾರು ನೂರು ಜನರ ಮಾತಿಗೆ ಸಮ. ಹಳ್ಳಿಯವನಾದ ನನಗೆ ಒಳಗೊಳಗೇ ಖುಷಿಯಾಗಬೇಕಿತ್ತೇನೋ. ಆದರೆ ಇದರ ಲಾಭ ಹಳ್ಳಿಯ ರೈತನಿಗೆ ಆದದ್ದಕ್ಕಿಂತ ಸಣ್ಣ ಸಣ್ಣ ಕೌಂಟಿಗಳನ್ನು ಮುಷ್ಟಿಯಲ್ಲಿಟ್ಟುಕೊಂಡ ಯಜಮಾನರಿಗೆ ಆದದ್ದೇ ಹೆಚ್ಚು. ಎರಡು ಸಾವಿರ ಜನರನ್ನು ಹಿಡಿದಿಟ್ಟುಕೊಂಡರೆ ರಾಜ್ಯದ ಗವರ್ನರೇ ಮನೆಗೆ ಬಂದು ಕೈ ಮುಗಿಯುತ್ತಿದ್ದ!

1962ರಲ್ಲಿ ಈ ಕೋಟೆ ಬಿರುಕು ಬಿಟ್ಟಿತು. ಕ್ಷೇತ್ರ ವಿಂಗಡಣೆಯಲ್ಲಿನ ಅನ್ಯಾಯವನ್ನು ನ್ಯಾಯಾಲಯ ವಿಚಾರಿಸಬಹುದು ಎಂದು ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಏಪ್ರಿಲ್‌ನಲ್ಲಿ ಜಾರ್ಜಿಯಾದ ಯೂನಿಟ್ ಪದ್ಧತಿಯನ್ನು ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. ರಾಜ್ಯದ ಸೆನೆಟ್ಟಿಗೂ ಜನಸಂಖ್ಯೆಯ ಆಧಾರದ ಮೇಲೆ ಹೊಸ ಕ್ಷೇತ್ರಗಳನ್ನು ತರಾತುರಿಯಲ್ಲಿ ರಚಿಸಬೇಕಾಯಿತು.

ಅಕ್ಟೋಬರ್ 1ರ ಬೆಳಿಗ್ಗೆ ಕಾರ್ಟರ್ ಉಗ್ರಾಣಕ್ಕೆ ಹೋಗುವ ಬಟ್ಟೆ ಬಿಟ್ಟು ಭಾನುವಾರದ ಪ್ಯಾಂಟು ಹಾಕಿಕೊಂಡರು. ಏನು, ಯಾರಾದರೂ ತೀರಿಕೊಂಡರೇ ಎಂಬ ಅನುಮಾನ ಹೆಂಡತಿ ರೋಸಲಿನ್‌ಗೆ. ಸೆನೆಟ್ಟಿಗೆ ನಿಲ್ಲುತ್ತಿದ್ದೇನೆ, ಪತ್ರಿಕೆಗೆ ಪ್ರಕಟಣೆ ಕೊಡಲು ಹೊರಟೆ ಎಂದರು ಕಾರ್ಟರ್. ಅಂದು ಅವರ 38ನೇ ಹುಟ್ಟುಹಬ್ಬ. ಪ್ರಾಥಮಿಕ ಚುನಾವಣೆಗೆ ಉಳಿದಿದ್ದದ್ದು ಹದಿನೈದೇ ದಿನ. ಆ ಕಾಲದ ಜಾರ್ಜಿಯಾದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆ ಗೆದ್ದವನೇ ಗೆದ್ದವನು, ನವೆಂಬರ್‌ನ ಚುನಾವಣೆ ಬರೀ ಶಾಸ್ತ್ರಕ್ಕೆ. ಎದುರಾಳಿ ಹೋಮರ್ ಮೂರ್ ಎಂಬ ಪಕ್ಕದ ಕೌಂಟಿಯ ವ್ಯಾಪಾರಿ.

ಅಕ್ಟೋಬರ್ 16 ಬಂತು. ಕ್ಷೇತ್ರಕ್ಕೆ ಸೇರಿದ ಏಳು ಕೌಂಟಿಗಳಲ್ಲಿ ಕ್ವಿಟ್ಮನ್ ಎಂಬುದೊಂದು. ಅದರ ಮುಖ್ಯ ಊರು ಜಾರ್ಜ್‌ಟೌನ್. ಅಲ್ಲಿ ಜೋ ಹರ್ಸ್ಟ್ ಹೇಳಿದ್ದೇ ಕಾನೂನು. ಆತ ರಾಜ್ಯದ ಶಾಸಕ, ಜೊತೆಗೆ ರಾಜ್ಯದ ಕೃಷಿ ಇಲಾಖೆಯಲ್ಲಿ ನೌಕರಿ. ಬಡವರಿಗೆ ಬರುವ ಸಹಾಯಧನದ ಚೆಕ್ಕುಗಳೂ ಅವನ ಕೈ ದಾಟಿಯೇ ಬರಬೇಕು. ಬೆಳಿಗ್ಗೆ ಅಲ್ಲಿಗೆ ಹೋದ ಕಾರ್ಟರ್ ಗೆಳೆಯ ಜಾನ್ ಪೋಪ್‌ಗೆ ಕಂಡದ್ದು ಇದು: ಮತ ಹಾಕಲು ಮರೆ ಇಲ್ಲ, ಮೇಜಿನ ಮೇಲೆ ಎಲ್ಲರೆದುರಿಗೇ ಗುರುತು ಹಾಕಬೇಕು. ಪೆಟ್ಟಿಗೆ ಎಂದರೆ ದೊಡ್ಡ ತೂತು ಕೊರೆದ ಒಂದು ರಟ್ಟಿನ ಡಬ್ಬ. ಯಾರ ಹೆಸರು ಹೊಡೆದುಹಾಕಬೇಕೆಂದು ಹರ್ಸ್ಟ್ ನಿಂತು ಹೇಳಿಕೊಡುತ್ತಿದ್ದಾನೆ. ಅನುಮಾನ ಬಂದರೆ ಡಬ್ಬದೊಳಗೆ ಕೈ ಹಾಕಿ ಮತಪತ್ರ ತೆಗೆದು ನೋಡುತ್ತಿದ್ದಾನೆ.

ನಮ್ಮ ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದವಳು. ಯಾರಿಗೆ ಹಾಕಿದೆಯವ್ವಾ ಎಂದು ನಮ್ಮಪ್ಪ ಕೇಳಿದರೆ, "ನಾ ಯಾರಿಗಾದ್ರೂ ಹಾಕ್ತೀನಿ, ನಿಂಗ್ಯಾಕಪ್ಪ" ಎನ್ನುತ್ತಿದ್ದಳು. ಜಾರ್ಜ್‌ಟೌನಿನಲ್ಲಿ ಆ ಮಾತಿಗೆ ಜಾಗವಿರಲಿಲ್ಲ.

ರಾತ್ರಿ ಎಣಿಕೆ ಮುಗಿದಾಗ ಉಳಿದ ಕಡೆ ಮುಂದಿದ್ದ ಕಾರ್ಟರ್, ಕ್ವಿಟ್ಮನ್ ಲೆಕ್ಕ ಸೇರಿದ ಮೇಲೆ ನೂರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಆದರೆ ಹರಿದು ಕೊಟ್ಟ ಮತಪತ್ರಗಳ ಕೌಂಟರ್‌ಫಾಯಿಲ್ ಎಣಿಸಿದರೆ ಜಾರ್ಜ್‌ಟೌನ್ ಮತಗಟ್ಟೆಗೆ ಬಂದವರು 333 ಜನ. ಪೆಟ್ಟಿಗೆಯಲ್ಲಿದ್ದ ಮತಪತ್ರಗಳು 420. ಸಂಖ್ಯೆಯನ್ನು ನಾನು ಹುಟ್ಟಿಸಿಲ್ಲ. ನಮ್ಮಲ್ಲಿ ಮೋಸಗಾರನಿಗೆ 'ಫೋರ್ ಟ್ವೆಂಟಿ' ಎನ್ನುವುದು ಆ ಊರಿನವರಿಗೆ ಗೊತ್ತಿದ್ದರೆ ಇನ್ನೊಂದು ಚೀಟಿಯಾದರೂ ಕಡಿಮೆ ಹಾಕುತ್ತಿದ್ದರೋ ಏನೋ.

ನನ್ನ ಕೆಲಸದಲ್ಲಿ ರಾತ್ರಿ ಹೊತ್ತು ಎರಡು ಕಡೆಯ ದಾಖಲೆಗಳ ಮೊತ್ತ ಹೋಲಿಸಿ ನೋಡುವ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ. ತಾಳೆ ಬರದಿದ್ದರೆ ಅದು ನಮ್ಮನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಪ್ಲೇನ್ಸ್‌ನ ಆ ಶಾಲೆಯಲ್ಲಿ ಈ ಎರಡು ಅಂಕಿಗಳ ನೆನಪಾದಾಗಲೇ ನನಗೆ ಮೇಷ್ಟ್ರು ರಾತ್ರಿ ಹನ್ನೊಂದರವರೆಗೆ ಎಣಿಸಿದ್ದು ಅರ್ಥವಾಯಿತು. ಇಡೀ ಮೋಸ ಸಿಕ್ಕಿಬಿದ್ದದ್ದು ಆ ಒಂದು ಕೂಡು-ಕಳೆ ಲೆಕ್ಕದಿಂದ.

ಹೊಸದಾಗಿ ರಾಜಕೀಯಕ್ಕೆ ಬಂದವನು ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸುಮ್ಮನಾಗುತ್ತಾನೆ. ಹರ್ಸ್ಟ್‌ನನ್ನು ಎದುರು ಹಾಕಿಕೊಂಡವರ ಅಂಗಡಿಗೆ ಹಿಂದೆ ಬೆಂಕಿ ಬಿದ್ದಿತ್ತೆಂಬ ಎಚ್ಚರಿಕೆಯೂ ಕಾರ್ಟರ್ ಮನೆಗೆ ತಲುಪಿತು. ಪತ್ರಿಕೆಗಳು ಮೊದಲು ತಲೆಕೆಡಿಸಿಕೊಳ್ಳಲಿಲ್ಲ. ಕಾರ್ಟರ್ ಮನೆ ಮನೆಗೆ ಹೋಗಿ ಜನರ ಹೇಳಿಕೆ ಸಂಗ್ರಹಿಸಿದರು. 'ಅಟ್ಲಾಂಟಾ ಜರ್ನಲ್' ಪತ್ರಿಕೆಯ ವರದಿಗಾರ ಜಾನ್ ಪೆನ್ನಿಂಗ್ಟನ್ ಬಂದು ಕೆದಕಿದಾಗ ಹುಳುಕು ಒಂದೊಂದೇ ಹೊರಬಿತ್ತು. 117 ಮತದಾರರು ತಮ್ಮ ಹೆಸರಿನ ಅಕ್ಷರಾನುಕ್ರಮದಲ್ಲೇ ಸಾಲಾಗಿ ಬಂದು ಮತ ಹಾಕಿದಂತೆ ದಾಖಲೆಯಿತ್ತು! ಹಾಜರಿ ಪುಸ್ತಕದ ಕ್ರಮದಲ್ಲಿ ಮಕ್ಕಳು ಶಾಲೆಗೆ ಬಂದದ್ದನ್ನು ನಮ್ಮ ಶಿಕ್ಷಕರು ಯಾರಾದರೂ ಕಂಡಿದ್ದಾರೆಯೇ? ಅವರಲ್ಲಿ ಸತ್ತವರಿದ್ದರು, ಜೈಲಿನಲ್ಲಿದ್ದವರಿದ್ದರು, ಊರು ಬಿಟ್ಟು ಎಷ್ಟೋ ಕಾಲವಾದವರಿದ್ದರು.

ಅಟ್ಲಾಂಟಾದ ವಕೀಲ ಚಾರ್ಲ್ಸ್ ಕಿರ್ಬೊ ಕಾರ್ಟರ್ ಪರವಾಗಿ ವಾದಿಸಿದರು. ಜಾರ್ಜ್‌ಟೌನಿನ ಕೋರ್ಟಿನಲ್ಲಿ ನ್ಯಾಯಾಧೀಶ ಕಾರ್ಲ್ ಕ್ರೋ ಅವರೆದುರು ಡಬ್ಬ ತೆರೆದಾಗ ನೂರಕ್ಕೂ ಹೆಚ್ಚು ಮತಪತ್ರಗಳು ಒಟ್ಟಿಗೆ ಮಡಚಿಟ್ಟ ಕಟ್ಟಿನಂತೆ ಸಿಕ್ಕವು. ಒಬ್ಬೊಬ್ಬರೇ ಹಾಕಿದ ಚೀಟಿಗಳು ಹಾಗೆ ಸೇರಿಕೊಳ್ಳುವುದಿಲ್ಲ. ಆ ಪೆಟ್ಟಿಗೆಯ ಮತಗಳನ್ನೆಲ್ಲ ನ್ಯಾಯಾಧೀಶರು ತಳ್ಳಿಹಾಕಿದರು. ಉಳಿದ ಲೆಕ್ಕದಲ್ಲಿ ಕಾರ್ಟರ್ ಮುಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮತಪತ್ರದಲ್ಲಿ ಯಾರ ಹೆಸರು ಅಚ್ಚಾಗಬೇಕೆಂದು ಮತ್ತೆ ಜಗಳ. ನವೆಂಬರ್ 6ರ ಚುನಾವಣೆಯ ಹಿಂದಿನ ರಾತ್ರಿ, ಇಬ್ಬರ ಹೆಸರೂ ಬೇಡ, ಮತದಾರರೇ ತಮಗೆ ಬೇಕಾದವರ ಹೆಸರು ಬರೆಯಲಿ ಎಂದು ಇನ್ನೊಬ್ಬ ನ್ಯಾಯಾಧೀಶರ ಆದೇಶ ಬಂತು. ಹಾಗೇ ಬರೆದರು. ಕಾರ್ಟರ್‌ಗೆ 3,013, ಮೂರ್‌ಗೆ 2,182. ಅಂತರ 831. ಆಮೇಲೂ ತಕರಾರು ಇದ್ದೇ ಇತ್ತು. 1963ರ ಜನವರಿಯಲ್ಲಿ ಸದನದಲ್ಲಿ ಪ್ರಮಾಣ ವಚನ ಸ್ವೀಕರಿಸುವ ತನಕ ತಮ್ಮ ಕುರ್ಚಿ ಗ್ಯಾರಂಟಿ ಎಂದು ಕಾರ್ಟರ್‌ಗೇ ಗೊತ್ತಿರಲಿಲ್ಲ. ಹರ್ಸ್ಟ್ ಮುಂದೆ ಬೇರೊಂದು ಚುನಾವಣೆಯ ಅಕ್ರಮದಲ್ಲಿ ಶಿಕ್ಷೆಗೆ ಗುರಿಯಾದ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸೊಗಸಾದ ಗೆಲುವಿನ ಕಥೆ. ನನಗೂ ಹಾಗೇ ನಿಲ್ಲಿಸುವ ಆಸೆಯಿತ್ತು. ಆದರೆ ಅದೇ ಬೇಸಿಗೆಯಲ್ಲಿ, ಅದೇ ಪ್ರದೇಶದಲ್ಲಿ ನಡೆಯುತ್ತಿದ್ದ ಇನ್ನೊಂದನ್ನು ಬಿಡುವಂತಿಲ್ಲ.

ಹರ್ಸ್ಟ್‌ನ ಡಬ್ಬದ ಬಳಿಗೆ ಬರಲು ಪಟ್ಟಿಯಲ್ಲಿ ಹೆಸರಾದರೂ ಇರಬೇಕಲ್ಲ? ಪ್ಲೇನ್ಸ್‌ನಿಂದ ಹೆಚ್ಚು ದೂರವಿಲ್ಲದ ಟೆರೆಲ್ ಕೌಂಟಿಯಲ್ಲಿ ಕಪ್ಪು ಜನರನ್ನು ಪಟ್ಟಿಗೇ ಸೇರಿಸುತ್ತಿರಲಿಲ್ಲ. ಅಲ್ಲಿನ ಅಧಿಕಾರಿಗಳ ಮೇಲೆ ಕೇಂದ್ರ ಸರಕಾರವೇ ಮೊಕದ್ದಮೆ ಹೂಡಿತ್ತು. 1962ರ ಸೆಪ್ಟೆಂಬರ್‌ನಲ್ಲಿ, ಅಂದರೆ ಕಾರ್ಟರ್ ಭಾನುವಾರದ ಪ್ಯಾಂಟು ಹಾಕಿಕೊಳ್ಳುವ ಮೂರು ವಾರ ಮುಂಚೆ, ಮತದಾರರ ನೋಂದಣಿಗೆ ನೆರವಾಗುತ್ತಿದ್ದ ಕಪ್ಪು ಜನರ ಚರ್ಚುಗಳಿಗೆ ಅಲ್ಲಿ ಬೆಂಕಿ ಹಚ್ಚಿದರು. ಹತ್ತಿರದ ಆಲ್ಬನಿ ಪಟ್ಟಣದಲ್ಲಿ ಆ ಬೇಸಿಗೆಯಲ್ಲೇ ಮಾರ್ಟಿನ್ ಲೂಥರ್ ಕಿಂಗ್ ಜೈಲು ಸೇರಿದ್ದರು. ಆ ಚಳವಳಿಯಲ್ಲಿ ಕಾರ್ಟರ್ ಇರಲಿಲ್ಲ. ತಮ್ಮ ಮತ ಕದ್ದವರ ವಿರುದ್ಧ ಮನೆ ಮನೆ ಸುತ್ತಿದವರು, ಮತವೇ ಇಲ್ಲದವರಿಗಾಗಿ ಆಗ ಬೀದಿಗೆ ಬರಲಿಲ್ಲ.

ಬರೆಯಲು ಓದಲು ಬಾರದವರು ಜಾರ್ಜಿಯಾದಲ್ಲಿ ಪಟ್ಟಿಗೆ ಸೇರಬೇಕಾದರೆ 30 ಪ್ರಶ್ನೆಗಳಲ್ಲಿ 20ಕ್ಕೆ ಸರಿ ಉತ್ತರ ಹೇಳಬೇಕಿತ್ತು. ಸರಕಾರದ ರಚನೆ, ಹುದ್ದೆಗಳಲ್ಲಿ ಯಾರಿದ್ದಾರೆ, ಸಂವಿಧಾನದಲ್ಲಿ ಏನಿದೆ ಎಂಬಂಥವು. ಯಾರನ್ನು ಹೇಗೆ ಪರೀಕ್ಷಿಸಬೇಕೆಂಬುದು ಮೇಜಿನ ಆಚೆ ಕೂತ ಬಿಳಿಯ ಅಧಿಕಾರಿಯ ಇಷ್ಟ. ನಾನು ಬಿ.ಇ. ಓದಿದವನು, ಮೂವತ್ತರಲ್ಲಿ ಇಪ್ಪತ್ತು ಬರುತ್ತಿತ್ತೆಂಬ ಧೈರ್ಯ ನನಗಿಲ್ಲ. ಸಮಾಜ ವಿಜ್ಞಾನದ ಅಂಕ ಮೇಲೆಯೇ ಹೇಳಿದ್ದೇನೆ. ನಮ್ಮಜ್ಜಿಯ ಗತಿ? ಅಷ್ಟು ಹೊತ್ತಿಗೆ ಭಾರತದಲ್ಲಿ ಮೂರು ಮಹಾಚುನಾವಣೆ ಮುಗಿದಿದ್ದವು. 1951-52ರಲ್ಲಿ ಸುಮಾರು 17 ಕೋಟಿ ಮತದಾರರಲ್ಲಿ ಬಹುಪಾಲು ಜನ ಅನಕ್ಷರಸ್ಥರು. ಅವರನ್ನು ಪರೀಕ್ಷೆಗೆ ಕೂರಿಸುವ ಬದಲು ನಮ್ಮವರು ಎತ್ತು, ಗುಡಿಸಲು, ಮರದ ಚಿಹ್ನೆ ಅಚ್ಚು ಹಾಕಿಸಿದರು.

ಸೆನೆಟ್ಟಿನಲ್ಲಿ ಕಾರ್ಟರ್ ಮಾಡಿದ ಮೊದಲ ಭಾಷಣ ಈ 30 ಪ್ರಶ್ನೆಗಳ ವಿರುದ್ಧವೇ ಆಗಿತ್ತು. ರಾಜ್ಯದಲ್ಲೇ ಅತಿ ಸಂಪ್ರದಾಯಸ್ಥ ಕ್ಷೇತ್ರದ ಪ್ರತಿನಿಧಿ ತಾವು, ಈ ಮಾತು ಪತ್ರಿಕೆಯಲ್ಲಿ ಬಂದು ಊರಿನವರಿಗೆ ತಿಳಿದರೆ ಏನು ಗತಿ ಎಂದು ಹೆದರಿಕೊಂಡೇ ಮಾತಾಡಿದೆ ಎಂದು 1974ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಭಾಷಣವೊಂದರಲ್ಲಿ ಅವರೇ ಹೇಳಿದರು. ನನಗೆ ಅವರು ಹತ್ತಿರದವರೆನಿಸುವುದು ಈ ಹೆದರಿಕೆಯಿಂದಲೇ. ಅದೇ ಭಾಷಣದಲ್ಲಿ ಅವರು ಇನ್ನೊಂದು ಪ್ರಸಂಗ ನೆನೆದರು. ಚುನಾವಣಾ ಕಾನೂನಿನ ಚರ್ಚೆಯಲ್ಲಿ ಬಾಬ್ಬಿ ರೋವನ್ ಎಂಬ ಸೆನೆಟರ್, ಸತ್ತು ಮೂರು ವರ್ಷ ದಾಟಿದವರು ಇನ್ನು ಮುಂದೆ ಮತ ಹಾಕಕೂಡದು ಎಂಬ ತಿದ್ದುಪಡಿ ತಂದರಂತೆ! ಮೂರು ವರ್ಷದೊಳಗೆ ಸತ್ತವರಿಗೆ ರಿಯಾಯಿತಿ.

ಕಾರ್ಟರ್ ತಾವು ಮತ ಹಾಕುವ ಪ್ರತಿ ಮಸೂದೆಯನ್ನೂ ಓದುತ್ತೇನೆಂದು ಹಟ ತೊಟ್ಟು, ಅದಕ್ಕಾಗಿ ವೇಗವಾಗಿ ಓದುವ ತರಬೇತಿ ಪಡೆದರು. 1965ರಲ್ಲಿ ಪ್ಲೇನ್ಸ್‌ನ ಚರ್ಚಿನಲ್ಲಿ ಕಪ್ಪು ಜನರನ್ನು ಒಳಗೆ ಬಿಡಬೇಕೇ ಎಂದು ಮತಕ್ಕೆ ಹಾಕಿದಾಗ ಬಿಡಬಾರದೆಂದವರು 54, ಬಿಡಬೇಕೆಂದವರು 6. ಆ ಆರರಲ್ಲಿ ಐದು ಕಾರ್ಟರ್ ಮನೆಯವರದು. ಅದೇ ವರ್ಷ ಅಮೆರಿಕದ ಮತದಾನ ಹಕ್ಕು ಕಾಯ್ದೆ ಬಂತು, ಇಂಥ ಪರೀಕ್ಷೆಗಳ ಆಟ ಮುಗಿಯಿತು. ಅದನ್ನು ಗೆದ್ದವರು ಕಾರ್ಟರ್ ಅಲ್ಲ, ಚರ್ಚು ಸುಟ್ಟರೂ ಮತ್ತೆ ಸಾಲಿನಲ್ಲಿ ನಿಂತ ಜನ. ಕಾರ್ಟರ್ 1970ರಲ್ಲಿ ಗವರ್ನರ್ ಹುದ್ದೆಗೆ ಸ್ಪರ್ಧಿಸಿದಾಗ ವರ್ಣಭೇದವಾದಿಗಳ ಮತಕ್ಕೂ ಗಾಳ ಹಾಕಿದರು. ಗೆದ್ದ ಮೇಲೆ, 1971ರ ಜನವರಿಯ ಮೊದಲ ಭಾಷಣದಲ್ಲೇ ವರ್ಣಭೇದದ ಕಾಲ ಮುಗಿಯಿತೆಂದರು. ಮತ ಕೊಟ್ಟವರಲ್ಲಿ ಹಲವರಿಗೆ ತಾವು ಮೋಸ ಹೋದೆವು ಎನ್ನಿಸಿತು. ನನ್ನ ಲೆಕ್ಕದಲ್ಲಿ ಆ ಮಾತು ಆಡಿದ್ದು ಸರಿ, ಅಲ್ಲಿಗೆ ಬಂದ ದಾರಿ ಸರಿಯಿಲ್ಲ.

ಆ ರಟ್ಟಿನ ಡಬ್ಬ ಮಾತ್ರ ಅವರನ್ನು ಬಿಡಲಿಲ್ಲ. ಅಧ್ಯಕ್ಷ ಪದವಿ ಮುಗಿದ ಮೇಲೆ ಅವರು ಸ್ಥಾಪಿಸಿದ ಕಾರ್ಟರ್ ಸೆಂಟರ್ ನೂರಕ್ಕೂ ಹೆಚ್ಚು ಚುನಾವಣೆಗಳಿಗೆ ವೀಕ್ಷಕರನ್ನು ಕಳುಹಿಸಿದೆ. 1989ರಲ್ಲಿ ಪನಾಮಾದಲ್ಲಿ ಸರ್ವಾಧಿಕಾರಿ ನೊರಿಯೆಗನ ಕಡೆಯವರು ಸುಳ್ಳು ಲೆಕ್ಕಪಟ್ಟಿ ತಂದು ಎಣಿಕೆಗೆ ಸೇರಿಸಲು ಹೊರಟಾಗ, ನೀವು ಪ್ರಾಮಾಣಿಕರೋ ಕಳ್ಳರೋ ಎಂದು ಅಧಿಕಾರಿಗಳಿಗೆ ಸ್ಪ್ಯಾನಿಷ್ ಭಾಷೆಯಲ್ಲೇ ಕೂಗಿ ಕೇಳಿದರು. ಜಾರ್ಜ್‌ಟೌನಿನ ಕಥೆಯನ್ನು 1992ರಲ್ಲಿ ಒಂದು ಇಡೀ ಪುಸ್ತಕವಾಗಿ ಬರೆದರು.

ಇನ್ನೊಂದು ವಿಷಯ ನಮ್ಮ ಹೆಮ್ಮೆಗೆ. ಜಾರ್ಜ್‌ಟೌನಿನಲ್ಲಿ ಸತ್ತವರೂ ಮತ ಹಾಕಿದ 1962ರಲ್ಲೇ, ಒಬ್ಬರು ಎರಡು ಸಲ ಮತ ಹಾಕದಂತೆ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ ದೇಶದ ಚುನಾವಣೆಗೆ ಒದಗಿಸಲು ಶುರುಮಾಡಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ 1937ರಲ್ಲಿ ಆರಂಭವಾದ ಕಾರ್ಖಾನೆ ಅದು. ನಮ್ಮ ಶಾಲೆಯ ಮತಗಟ್ಟೆಗೆ ಬರುವ ಬಾಟಲಿಯೂ ಅಲ್ಲಿಯದೇ.

ನನ್ನ ಹೆಸರು ಇವತ್ತಿಗೂ ಆ ಮತಗಟ್ಟೆಯ ಪಟ್ಟಿಯಲ್ಲಿದೆ, ಎಂಟನೇ ತರಗತಿಯ ಅದೇ ಕೊಠಡಿ. ಕಳೆದ ಮೂರು ಚುನಾವಣೆಗಳಲ್ಲಿ ಎರಡಕ್ಕೆ ನಾನು ಬೆಂಗಳೂರಿನಿಂದ ಬರಲಿಲ್ಲ. ರಜೆ ಇರಲಿಲ್ಲ ಎಂದು ಮನೆಯಲ್ಲಿ ಹೇಳಿದ್ದೆ. ರಜೆ ಇತ್ತು. ಬಾಕಿ ಅಂಕ ಕೊಡುವಾಗ ಮೇಷ್ಟ್ರು ಇದನ್ನೂ ಗಮನಿಸಲಿ.

ಕಾರ್ಟರ್ 2024ರ ಡಿಸೆಂಬರ್ 29ರಂದು ಪ್ಲೇನ್ಸ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಅದಕ್ಕೂ ಸುಮಾರು ಎರಡೂವರೆ ತಿಂಗಳ ಹಿಂದೆ, ನೂರು ವರ್ಷ ತುಂಬಿ ಹಾಸಿಗೆ ಹಿಡಿದಿದ್ದ ಅವರು ಕೊನೆಯ ಸಲ ಅಂಚೆ ಮತಪತ್ರದ ಮೂಲಕ ಮತ ಹಾಕಿದರು. ಆ ದಿನದ ತಾರೀಖು ಅಕ್ಟೋಬರ್ 16. ಜಾರ್ಜ್‌ಟೌನಿನ ಮತದಾನ ನಡೆದದ್ದೂ ಅದೇ ತಾರೀಖು, 62 ವರ್ಷ ಹಿಂದೆ.